ಹಾಸಿಗೆ ಹಿಡಿದ ಮೇಲೆ ಎಲ್ಲಿಗೆ ಹೋಗಬೇಕು? ಧಾರವಾಡ ಜಿಲ್ಲಾ ಉಸ್ತುವಾರಿ ಸಚಿವರಿಗೆ ಒಂದು ಪತ್ರ

ಮಾನ್ಯ ಸಚಿವರೆ, ನಮಸ್ಕಾರ.

ನಾನು ಧಾರವಾಡದ ಮಾಳಮಡ್ಡಿಯವಳು. 34 ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದೆ. ಈಗ ನನಗೆ 68. ನನ್ನ ಅಕ್ಕನ ಸಲುವಾಗಿ ಈ ಪತ್ರ ಬರೆಯುತ್ತಿದ್ದೇನೆ. ಆಕೆಗೆ 76. ಪಕ್ಕದ ಕೋಣೆಯಲ್ಲಿ ಮಲಗಿದ್ದಾಳೆ. ಎರಡು ತಾಸಿಗೊಮ್ಮೆ ಹೋಗಿ ಆಕೆಯ ಮಗ್ಗುಲು ಬದಲಿಸಬೇಕು. ಹಾಗಾಗಿ ಇಷ್ಟು ಬರೆಯಲು ಮೂರು ದಿನ ಹಿಡಿಯಿತು.

ಅಕ್ಕನಷ್ಟು ವಿಚಾರ ಮಾಡಿ ಮುಪ್ಪಿಗೆ ತಯಾರಾದವರನ್ನು ನಾನು ನೋಡಿಲ್ಲ. ಭಾವ ತೀರಿಕೊಂಡ ಮೇಲೆ ಹುಬ್ಬಳ್ಳಿಯ ಮನೆ ಮಾರಿದಳು. ಮಗ ಪುಣೆಯಲ್ಲಿ, ಮಗಳು ಹೊರದೇಶದಲ್ಲಿ. "ನನ್ನ ಸಲುವಾಗಿ ಯಾರೂ ನೌಕರಿ ಬಿಟ್ಟು ಬರೂದು ಬ್ಯಾಡ" ಎಂದಳು. ತಾನೇ ನಾಲ್ಕು ಕಡೆ ಹೋಗಿ ನೋಡಿ, ಠೇವಣಿ ಕಟ್ಟಿ, ಒಂದು ಹಿರಿಯರ ವಸತಿಗೆ ಸೇರಿದಳು. ತಿಂಗಳ ಖರ್ಚು ಪಿಂಚಣಿಯಲ್ಲಿ ಸಾಗುತ್ತಿತ್ತು. ಮೂರು ವರ್ಷ ಚೆನ್ನಾಗಿದ್ದಳು. ಇದನ್ನು ಮುದ್ದಾಂ ಬರೆಯುತ್ತಿದ್ದೇನೆ. ವೃದ್ಧಾಶ್ರಮ ಎಂದರೆ ಮಕ್ಕಳು ಕೈಬಿಟ್ಟವರ ಜಾಗ ಎಂದೇ ಭಾಷಣಗಳಲ್ಲಿ ಕೇಳುತ್ತೇವೆ, ಅಲ್ವಾ? ಅಕ್ಕನನ್ನು ಯಾರೂ ಕೈಬಿಟ್ಟಿರಲಿಲ್ಲ. ಬೆಳಿಗ್ಗೆ ಭಜನೆ, ಸಂಜೆ ಗೆಳತಿಯರ ಜೊತೆ ವಾಕಿಂಗ್. ವಾರಕ್ಕೊಮ್ಮೆ ಚಿಗರಿ ಬಸ್ ಹತ್ತಿ ನಮ್ಮ ಮನೆಗೆ ಬರುತ್ತಿದ್ದಳು.

ಒಂದು ದಿನ ಜಳಕದ ಮನೆಯಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿಯಿತು. ಆಪರೇಷನ್ ಆಯಿತು. ಎಲುಬು ಕೂಡಿತು, ನಡಿಗೆ ಮಾತ್ರ ಬರಲಿಲ್ಲ. ಆಸ್ಪತ್ರೆಯಿಂದ ಬಿಡುವ ಮುಂಚೆ ಆ ವಸತಿಯಿಂದ ಫೋನ್ ಬಂತು. "ಸಾಮಾನು ತಗೊಂಡು ಹೋಗ್ರಿ. ಇನ್ನ ಅವರನ್ನ ಇಟ್ಟುಕೊಳ್ಳಾಕ ಆಗಂಗಿಲ್ಲ." ಅರ್ಜಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇತ್ತಂತೆ: ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರಿಗೆ ಮಾತ್ರ ಪ್ರವೇಶ. ಅವರ ಮೇಲೆ ನನಗೆ ಸಿಟ್ಟಿಲ್ಲ. ಮೂವತ್ತು ಜನರಿಗೆ ಒಬ್ಬಳೇ ಆಯಾ ಇದ್ದಾಳೆ, ಆಕೆ ಎಷ್ಟು ಜನರನ್ನು ಎತ್ತಿಯಾಳು? ಆಮೇಲೆ ಬೇರೆ ಮೂರು ಕಡೆ ಕೇಳಿದೆ. ಎಲ್ಲ ಕಡೆ ಮೊದಲ ಪ್ರಶ್ನೆ ಒಂದೇ: "ಅವರು ನಡೀತಾರೇನ್ರಿ?"

ಸಚಿವರೆ, ನಡೆಯಲು ಆಗದಿರುವಾಗಲೇ ಅಲ್ವಾ ಮನುಷ್ಯನಿಗೆ ಆಸರೆ ಬೇಕಾಗುವುದು?

ಕಾನೂನು ಓದಿ ನೋಡಿದೆ. ಪಾಲಕರು ಮತ್ತು ಹಿರಿಯ ನಾಗರಿಕರ ಕಾಯ್ದೆ ಬಂದದ್ದು 2007ರಲ್ಲಿ. ಅದರ 19ನೇ ಕಲಮಿನಲ್ಲಿ ಜಿಲ್ಲೆಗೆ ಒಂದಾದರೂ ವೃದ್ಧಾಶ್ರಮ, ಕನಿಷ್ಠ 150 ಜನರಿಗೆ ಜಾಗ ಎಂದಿದೆ. ಆದರೆ ಅದು ಗತಿಯಿಲ್ಲದ ಬಡವರಿಗೆ. ಅವರಿಗೆ ಅದು ಮೊದಲು ಸಿಗಲಿ. ಪಿಂಚಣಿ ಬರುವ ಅಕ್ಕ ಅಲ್ಲಿ ಹೋಗಿ ನಿಲ್ಲಲಾರಳು. ಮಕ್ಕಳು ನೋಡದಿದ್ದರೆ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಬಹುದು. ಆಕೆಯ ಮಕ್ಕಳು ನೋಡುತ್ತಾರೆ, ತಿಂಗಳು ತಿಂಗಳು ದುಡ್ಡು ಕಳಿಸುತ್ತಾರೆ. ಇನ್ನು 70 ದಾಟಿದ ಎಲ್ಲರಿಗೂ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಎಂದು ಕೇಂದ್ರ ಸರ್ಕಾರ 2024ರಲ್ಲಿ ತಂದ ಆಯುಷ್ಮಾನ್ ಯೋಜನೆ. ಅದು ಆಸ್ಪತ್ರೆಗೆ ಸೇರಿದವರಿಗೆ. ಅಕ್ಕನಿಗೆ ಈಗ ಬೇಕಾದದ್ದು ಆಸ್ಪತ್ರೆ ಅಲ್ಲ. ಬಾಯಿಗೆ ಗಂಜಿ ಹಾಕುವವರು, ಮೈ ಒರೆಸುವವರು, ಡೈಪರ್ ಬದಲಿಸುವವರು, ಎತ್ತಿ ಕೂಡಿಸುವವರು. ಇದು ತಿಂಗಳುಗಟ್ಟಲೆ, ವರ್ಷಗಟ್ಟಲೆ ಬೇಕು.

ಆಯಾ ಇಟ್ಟುಕೊಂಡೆ. ಹಗಲು ಪಾಳಿಗೆ ತಿಂಗಳಿಗೆ 16 ಸಾವಿರ. ಪಾಪ, ಒಳ್ಳೆಯ ಹುಡುಗಿ, ಆದರೆ ಆಕೆಗೆ ಯಾರೂ ಏನೂ ಕಲಿಸಿರಲಿಲ್ಲ. ಮಲಗಿದವರನ್ನು ಒಂದೇ ಮಗ್ಗುಲಲ್ಲಿ ಬಿಟ್ಟರೆ ಎಲುಬು ಒತ್ತಿದ ಕಡೆ ರಕ್ತ ಓಡಾಡದೆ ಚರ್ಮ ಸಾಯುತ್ತದೆ ಎಂಬುದು ಆಕೆಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅಕ್ಕನ ಬೆನ್ನ ಕೆಳಗೆ ಹುಣ್ಣಾಯಿತು. ಕಾಣುವಷ್ಟರಲ್ಲಿ ಅದು ಆಳಕ್ಕೆ ಇಳಿದಿತ್ತು. ಸುಮ್ನೆ ಅರ್ಧ ದಿನ ಯಾರಾದರೂ ಕೂತು ನಮಗಿಬ್ಬರಿಗೂ ಕಲಿಸಿದ್ದರೆ ಆ ನೋವು ಆಕೆಗೆ ತಪ್ಪುತ್ತಿತ್ತು. ಅದನ್ನು ನೆನೆದರೆ ಈಗಲೂ ನನಗೆ ನಿದ್ದೆ ಬರುವುದಿಲ್ಲ.

ಮೂತ್ರದ ಪೈಪ್ ಬದಲಿಸಬೇಕಾದಾಗಲೆಲ್ಲ ಆಂಬುಲೆನ್ಸ್ ಕರೆಸಬೇಕು. ನಾಲ್ಕು ಜನ ಸ್ಟ್ರೆಚರ್ ಹಿಡಿದು ಮೆಟ್ಟಿಲು ಇಳಿಸಬೇಕು. ಹತ್ತು ನಿಮಿಷದ ಕೆಲಸಕ್ಕೆ ಇಡೀ ದಿನದ ತ್ರಾಸು. ಕೇರಳದಲ್ಲಿ ಪಂಚಾಯಿತಿಯ ನರ್ಸ್ ಗಾಡಿಯಲ್ಲಿ ಮನೆಗೇ ಬಂದು ಇದನ್ನು ಮಾಡುತ್ತಾರೆ. ಇದಕ್ಕಾಗಿ ಅಲ್ಲಿನ ಸರ್ಕಾರ 2008ರಲ್ಲೇ ಒಂದು ನೀತಿ ಮಾಡಿತು. ನಮ್ಮಲ್ಲಿ ಪಾಲಿಕೆ ಇದೆ. ಹುಬ್ಬಳ್ಳಿಯಲ್ಲಿ ನಾವು ಕಿಮ್ಸ್ ಎಂದೇ ಕರೆಯುವ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ, ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಡಿಮ್ಹಾನ್ಸ್ ಸಂಸ್ಥೆ ಇದೆ, ನರ್ಸಿಂಗ್ ಕಲಿಯುವ ಮಕ್ಕಳು ಎರಡೂ ಊರಲ್ಲಿ ಇದ್ದಾರೆ. ಹತ್ತು ವಾರ್ಡಿಗೆ ಒಬ್ಬರು ನರ್ಸ್, ಒಂದು ಗಾಡಿ. ಇಷ್ಟರಿಂದ ಶುರು ಮಾಡಬಹುದಲ್ಲ? ಆ ನರ್ಸ್ ಬಂದಾಗ ಮನೆಯವರಿಗೂ ಆಯಾಗಳಿಗೂ ಕಲಿಸಲಿ.

ಇದು ಒಂದೆರಡು ಮನೆಯ ಮಾತಲ್ಲ. ರೈಲ್ವೆ, ಸಾರಿಗೆ, ವಿಶ್ವವಿದ್ಯಾಲಯ, ಬ್ಯಾಂಕು ಅಂತ ದುಡಿದು ನಿವೃತ್ತರಾದವರು ನೆಲೆನಿಂತ ಊರು ನಮ್ಮದು. ನಮ್ಮ ಓಣಿಯಲ್ಲೇ ಐದು ಮನೆಯಲ್ಲಿ ಬರೀ ಮುದುಕ-ಮುದುಕಿ ಇದ್ದಾರೆ. ಹಿರಿಯರಿಗಾಗಿ ಅಪಾರ್ಟ್‌ಮೆಂಟ್ ಎಂಬ ಜಾಹೀರಾತುಗಳೂ ಬರುತ್ತಿವೆ. ನಿವೃತ್ತರ ವಸತಿಗಳು ಹೇಗಿರಬೇಕು ಎಂದು ಕೇಂದ್ರ 2019ರಲ್ಲೇ ಮಾದರಿ ಮಾರ್ಗಸೂಚಿ ಮಾಡಿ ರಾಜ್ಯಗಳಿಗೆ ಕೊಟ್ಟಿದೆ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಮಾತು ಖಡಾಖಂಡಿತವಾಗಿ ಸೇರಲಿ. ಠೇವಣಿ ತೆಗೆದುಕೊಳ್ಳುವ ಯಾವುದೇ ವಸತಿ, ಹಣ ಮುಟ್ಟುವ ಮುಂಚೆ, ಇವರು ಹಾಸಿಗೆ ಹಿಡಿದರೆ ನಾವು ಏನು ಮಾಡುತ್ತೇವೆ, ಎಷ್ಟು ದಿನ ಇಟ್ಟುಕೊಳ್ಳುತ್ತೇವೆ, ಎಷ್ಟು ಜಾಸ್ತಿ ಕೇಳುತ್ತೇವೆ, ಠೇವಣಿ ಯಾವಾಗ ವಾಪಸ್ ಎಂದು ದೊಡ್ಡ ಅಕ್ಷರದ ಕನ್ನಡದಲ್ಲಿ ಬರೆದುಕೊಡಬೇಕು. ಮರೆವಿನ ಕಾಯಿಲೆ ಬಂದರೆ ಏನು ಎಂಬುದನ್ನೂ ಬರೆಯಬೇಕು. ಅಕ್ಕನಿಗೆ ಅಂಥ ಕಾಗದ ಸಿಕ್ಕಿದ್ದರೆ ಆಕೆ ಬೇರೆ ಜಾಗ ಹುಡುಕುತ್ತಿದ್ದಳು, ಇಲ್ಲವೇ ಮನೆ ಮಾರುತ್ತಿರಲಿಲ್ಲ.

ನಿಯಮಕ್ಕೆ ಸಮಯ ಬೇಕು, ಗೊತ್ತು. ಒಂದು ಕೆಲಸಕ್ಕೆ ಮಾತ್ರ ಜಾಸ್ತಿ ಸಮಯ ಬೇಡ. ನಮ್ಮ ಜಿಲ್ಲೆಯಲ್ಲಿ ನಡೆಯಲಾಗದವರನ್ನು ಸೇರಿಸಿಕೊಳ್ಳುವ ವಸತಿಗಳು ಯಾವುವು, ಅಲ್ಲಿ ಎಷ್ಟು ಮಂಚ ಇವೆ, ತಿಂಗಳಿಗೆ ಎಷ್ಟು ಖರ್ಚು ಎಂದು ಅಧಿಕಾರಿಗಳಿಂದ ಒಂದು ಪಟ್ಟಿ ಮಾಡಿಸಿ, ಜಿಲ್ಲಾಧಿಕಾರಿ ಕಚೇರಿಯ ಹೊರಗೆ ಹಚ್ಚಿಸಿ. ಒಂದೂ ಇಲ್ಲದಿದ್ದರೆ, ಇಲ್ಲ ಎಂದೇ ಬರೆಸಿ.

ಇಂತಿ,
ಮಾಳಮಡ್ಡಿಯ ಒಬ್ಬ ನಿವೃತ್ತ ಶಿಕ್ಷಕಿ