ಪುಳಿಯೋಗರೆ ಪಟ್ಟಿಯ ಹಿಂಬದಿ

ಹೋದ ಶುಕ್ರವಾರ, 2025ರ ಅಕ್ಟೋಬರ್ 24ರಂದು, ಕೆಂಟಕಿಯ ರಪ್ ಅರೀನಾದಲ್ಲಿ ನಮ್ಮ ಪರ್ಡ್ಯೂ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ಹುಡುಗರು ಕೆಂಟಕಿ ತಂಡದ ಎದುರು ಸೋತರು. 78–65. ಸೀಸನ್ ಇನ್ನೂ ಶುರುವಾಗಿಲ್ಲ. ಇದು ಬರೀ ಅಭ್ಯಾಸ ಪಂದ್ಯ, ಲೆಕ್ಕಕ್ಕೆ ಬರುವುದಿಲ್ಲ. ಆದರೂ ಇಂಡಿಯಾನಾದ ನಮ್ಮ ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ರಾಜ್ಯೋತ್ಸವದ ಊಟದ ಕೂಪನ್ ಬಗ್ಗೆ ನಡೆಯುತ್ತಿದ್ದ ಜಗಳ ಅಲ್ಲಿಗೇ ನಿಂತುಹೋಯಿತು. "ಇದೇನಾ ನಂಬರ್ ಒನ್?" ಅಂತ ಒಬ್ಬರು ಕೇಳಿದರು. "ಸ್ಮಿತ್ ಬಿಟ್ಟರೆ ಯಾರೂ ಇಲ್ಲ" ಅಂತ ಇನ್ನೊಬ್ಬರು, ತಂಡದಲ್ಲಿ ಚೆಂಡು ಹಂಚುವ ಹುಡುಗನ ಹೆಸರು ಹಿಡಿದು. ಮೂರನೆಯವರು ಕೋಚ್ ಬದಲಾಗಬೇಕು ಅಂತಲೇ ತೀರ್ಪು ಕೊಟ್ಟರು.

ಪಾಪ, ಅವರ ಸಿಟ್ಟಿಗೂ ಕಾರಣ ಇದೆ. ಸೀಸನ್ ಶುರುವಾಗುವ ಮೊದಲೇ ಪತ್ರಕರ್ತರ ಪಟ್ಟಿಯಲ್ಲಿ ಪರ್ಡ್ಯೂ ಮೊದಲನೇ ಸ್ಥಾನಕ್ಕೆ ಬಂದಿದ್ದು ಇದೇ ಮೊದಲು. ಮೊದಲ ಬಾರಿ ತಲೆ ಮೇಲೆ ಪೇಟ ಇಟ್ಟ ತಿಂಗಳಲ್ಲೇ ಅದು ಕೆಳಗೆ ಬಿದ್ದರೆ ಯಾರಿಗೆ ತಾನೆ ಚೆನ್ನಾಗಿರುತ್ತೆ?

ಈ ಸಂಚಿಕೆಯಲ್ಲಿ ನಾನು ರಾಜ್ಯೋತ್ಸವದ ಬಗ್ಗೆ ಬರೆಯಬೇಕಿತ್ತು. ಅದನ್ನು ಅಧ್ಯಕ್ಷರು ಮೂರನೇ ಪುಟದಲ್ಲಿ ಬರೆದಿದ್ದಾರೆ, ನನಗಿಂತ ಚೆನ್ನಾಗಿಯೇ ಬರೆದಿದ್ದಾರೆ. ಹಾಗಾಗಿ ನಾನು ಬಾಸ್ಕೆಟ್‌ಬಾಲ್ ಕಡೆ ಹೋಗುತ್ತೇನೆ. ಇಂಡಿಯಾನಾದಲ್ಲಿ ಇದ್ದುಕೊಂಡು ಅಕ್ಟೋಬರ್‌ನಲ್ಲಿ ಆ ಕಡೆ ಹೋಗದೇ ಇರುವುದು ಕಷ್ಟ. ನಮ್ಮ ಕೂಟದಲ್ಲಿ ಪರ್ಡ್ಯೂನಲ್ಲಿ ಓದಿದವರು, ಓದುತ್ತಿರುವವರು, ಮಕ್ಕಳನ್ನು ಅಲ್ಲಿಗೆ ಸೇರಿಸಿ ಫೀಸ್ ಕಟ್ಟುತ್ತಿರುವವರು, ಎಲ್ಲ ಸೇರಿದರೆ ಒಂದು ಸಾಲು ಬಸ್ ಬೇಕು.

ಆ ಮೂರು ತೀರ್ಪು ಓದಿದ ಮೇಲೆ ನನಗೊಂದು ಹಾಳೆ ನೆನಪಾಯಿತು. ಹುಡುಕಿದೆ, ಸಿಕ್ಕಿತು. 2023ರ ರಾಜ್ಯೋತ್ಸವದ ಅಡುಗೆ ಪಟ್ಟಿ ಅದು. ಮುಂದಿನ ಬದಿಯಲ್ಲಿ "ಪುಳಿಯೋಗರೆ – 2 ಟ್ರೇ, ಕೋಸಂಬರಿ – 1 ಟ್ರೇ, ಮೊಸರನ್ನ – ಯಾರು?" ಅಂತ ಇದೆ. ಒಂದು ಮೂಲೆಯಲ್ಲಿ ಅರಿಶಿನದ ಕಲೆ. ಹಿಂಬದಿಯಲ್ಲಿ ನೀಲಿ ಪೆನ್ನಿನಲ್ಲಿ ನನ್ನ ಕೈಬರಹ: "ಎಡಿ 8. ಸ್ಮಿತ್ 6. ಲೋಯರ್ 5. ಗಿಲ್ಲಿಸ್ 6. ಜೋನ್ಸ್ 4, ಅವಸರ ಜಾಸ್ತಿ. ಕಾಫ್‌ಮನ್-ರೆನ್ 5." ಪರ್ಡ್ಯೂ ಆಟಗಾರರಿಗೆ ಹತ್ತಕ್ಕೆ ಕೊಟ್ಟ ಮಾರ್ಕ್ಸ್ ಇದು. ಕೆಳಗೆ ಎರಡು ಗೆರೆ ಎಳೆದು ಬರೆದಿದ್ದೇನೆ: "ಈ ಸಲವೂ ಕಷ್ಟ."

ಅವತ್ತು 2023ರ ಅಕ್ಟೋಬರ್ 28, ಶನಿವಾರ. ಪರ್ಡ್ಯೂ ಅರ್ಕಾನ್ಸಾಗೆ ಹೋಗಿ ಅಭ್ಯಾಸ ಪಂದ್ಯ ಆಡಿತು. ಆಗೆಲ್ಲ ಸಾಮಾನ್ಯವಾಗಿ ಕಾಲೇಜುಗಳು ಈ ಹೊತ್ತಿಗೆ ಪಕ್ಕದ ಊರಿನ ಸಣ್ಣ ಕಾಲೇಜನ್ನು ಮನೆಗೆ ಕರೆದು ನಲವತ್ತು ಪಾಯಿಂಟ್‌ನಿಂದ ಸೋಲಿಸಿ ಕಳಿಸುತ್ತಿದ್ದವು. ಇಲ್ಲಾ ದೊಡ್ಡ ತಂಡದ ಜೊತೆ ಬಾಗಿಲು ಹಾಕಿಕೊಂಡು ಆಡುತ್ತಿದ್ದವು. ಜನ ಇಲ್ಲ, ಟಿವಿ ಇಲ್ಲ, ಸ್ಕೋರ್ ಹೊರಗೆ ಹೇಳುವಂತೆಯೂ ಇರಲಿಲ್ಲ. ಕೋಚ್ ಮ್ಯಾಟ್ ಪೇಂಟರ್ ಎರಡನ್ನೂ ಬಿಟ್ಟು, ಸಹಾಯಾರ್ಥ ಪಂದ್ಯ ಅಂತ ಒಪ್ಪಿಗೆ ಪಡೆದು, ಹುಡುಗರನ್ನು ಬಡ್ ವಾಲ್ಟನ್ ಅರೀನಾಕ್ಕೆ ಕರೆದುಕೊಂಡು ಹೋದರು. ಅದು ಹತ್ತೊಂಬತ್ತು ಸಾವಿರ ಜನ ಹಿಡಿಸುವ ಜಾಗ. ಅಲ್ಲಿಯವರು ಕೈ ಮೇಲೆತ್ತಿ ಬೆರಳು ಅಲ್ಲಾಡಿಸುತ್ತಾ "ವೂ ಪಿಗ್ ಸೂಯಿ" ಅಂತ ಹಂದಿ ಕರೆಯುವ ಕೂಗು ಹಾಕುತ್ತಾರೆ. ನಮ್ಮ ಮನೆಯ ಲ್ಯಾಪ್‌ಟಾಪ್ ಸ್ಪೀಕರ್ ಅದಕ್ಕೇ ಒಡೆದ ಹಾಗೆ ಕೇಳುತ್ತಿತ್ತು. ಓವರ್‌ಟೈಮ್‌ಗೆ ಹೋಯಿತು. ಅರ್ಕಾನ್ಸಾ 81, ಪರ್ಡ್ಯೂ 77.

ನಾಟಕದ ರಿಹರ್ಸಲ್‌ನಿಂದ ಸುಸ್ತಾಗಿ ಬಂದು ಕೂತವನು ನಾನು. ಸೋತ ಸಿಟ್ಟಿಗೆ ಮಾರ್ಕ್ಸ್ ಹಾಕಿದೆ. ಆಗ ಪರ್ಡ್ಯೂನಲ್ಲೇ ಓದುತ್ತಿದ್ದ ಮಗಳು ವಾರಾಂತ್ಯಕ್ಕೆ ಮನೆಗೆ ಬಂದಿದ್ದಳು. ಹಾಳೆ ನೋಡಿ ನಕ್ಕಳು. "ಅಪ್ಪ, ನೀನು ಬುಟ್ಟಿಗೆ ಬಿದ್ದಿದ್ದನ್ನ ಎಣಿಸ್ತಿದ್ದೀಯ. ಯಾರನ್ನ ಯಾರ ಜೊತೆ ಆಡಿಸಿದ್ರು ಅಂತ ನೋಡಿದ್ಯಾ?"

ನಾನು ನೋಡಿರಲಿಲ್ಲ.

ಅವಳ ಮಾತು ಅರ್ಥ ಆಗಬೇಕಾದರೆ ಅದೇ ವರ್ಷದ ಮಾರ್ಚ್ 17ಕ್ಕೆ ಹೋಗಬೇಕು. ಹಳಬರಿಗೆ ಆ ತಾರೀಕು ಹೇಳಿದರೆ ಸಾಕು, ಮುಖ ಸಪ್ಪಗಾಗುತ್ತೆ. ಓಹಾಯೋದ ಕೊಲಂಬಸ್‌ನಲ್ಲಿ ನಡೆದ ರಾಷ್ಟ್ರೀಯ ಟೂರ್ನಿಯ ಪಂದ್ಯದಲ್ಲಿ ಮೊದಲ ಶ್ರೇಯಾಂಕದ ಪರ್ಡ್ಯೂಗೆ ಎದುರಾಗಿ ಹದಿನಾರನೇ ಶ್ರೇಯಾಂಕದ ಫೇರ್ಲೀ ಡಿಕಿನ್ಸನ್ ಬಂತು. ಕಾಲೇಜು ಆಟದ ಮೇಲಿನ ದರ್ಜೆಯಾದ ಡಿವಿಷನ್ ಒಂದರ ತಂಡಗಳಲ್ಲೆಲ್ಲ ಅತಿ ಕುಳ್ಳ ತಂಡ ಅದು. ನಮ್ಮ ಕಡೆ 7 ಅಡಿ 4 ಇಂಚಿನ ಝ್ಯಾಕ್ ಎಡಿ. ಆ ಕುಳ್ಳರು ಏನು ಮಾಡಿದರು ಗೊತ್ತಾ? ಎಡಿಯ ಜೊತೆ ಗುದ್ದಾಡಲಿಲ್ಲ. ಎಡಿಗೆ ಚೆಂಡು ಕೊಡಬೇಕಾದ ಹುಡುಗರ ಮೇಲೆ ಮುಗಿಬಿದ್ದರು. ಬ್ರೇಡನ್ ಸ್ಮಿತ್, ಫ್ಲೆಚರ್ ಲೋಯರ್, ಇಬ್ಬರೂ ಆಗ ಮೊದಲ ವರ್ಷದವರು. ಚೆಂಡು ಎಡಿಯ ಕೈಗೆ ಹೋಗುವುದೇ ತಡ ಆಯಿತು. ಹೋದಾಗಲೆಲ್ಲ ಅವನ ಸುತ್ತ ಮೂರು ಜನ. ಸರಿ, ದೂರದ ಗೆರೆಯಾಚೆಯಿಂದ ತ್ರೀ (ಮೂರು ಪಾಯಿಂಟ್‌ನ ಬುಟ್ಟಿ) ಹೊಡೆಯಿರಿ ಅಂದರೆ 26ರಲ್ಲಿ ಬಿದ್ದಿದ್ದು 5. ಸ್ಕೋರ್ 63–58. ಪುರುಷರ ಟೂರ್ನಿಯಲ್ಲಿ ಹದಿನಾರನೆಯವರು ಒಂದನೆಯವರನ್ನು ಸೋಲಿಸಿದ್ದು ಅದು ಎರಡನೇ ಸಲ ಅಷ್ಟೇ.

ಎಡಿಗೆ ಎಡೆ ಹಾಕುವವರು ಬೇಕಿತ್ತು. ಅಡುಗೆ ಎಷ್ಟೇ ಚೆನ್ನಾಗಿರಲಿ, ಬಡಿಸುವವನನ್ನು ಬಾಗಿಲಲ್ಲೇ ತಡೆದರೆ ಪಂಕ್ತಿಯಲ್ಲಿ ಕೂತವನು ಏನು ಮಾಡ್ತಾನೆ?

ಪೇಂಟರ್ ಆ ಬೇಸಿಗೆಯಲ್ಲಿ ಹುಡುಕಿದ್ದು ಇನ್ನೊಬ್ಬ ದೈತ್ಯನನ್ನಲ್ಲ. ಸದರ್ನ್ ಇಲಿನಾಯ್‌ನಲ್ಲಿ ನಾಲ್ಕು ವರ್ಷ ಆಡಿ ಮುಗಿಸಿದ್ದ ಲಾನ್ಸ್ ಜೋನ್ಸ್ ಅನ್ನುವ ಗಾರ್ಡ್‌ನನ್ನು, ಅಂದರೆ ಚೆಂಡು ಮುಂದೆ ಒಯ್ದು ಹಂಚುವವನನ್ನು, ಕರೆತಂದರು. ಪೇಂಟರ್ ಕೂಡ ಪರ್ಡ್ಯೂಗೆ ವಾಪಸ್ ಬರುವ ಮುಂಚೆ ಒಂದು ವರ್ಷ ಅದೇ ಕಾಲೇಜಿನ ಮುಖ್ಯ ಕೋಚ್ ಆಗಿದ್ದವರು. ಜೋನ್ಸ್ ಬಂದಿದ್ದರಿಂದ ಚೆಂಡು ದಾಟಿಸುವ ಭಾರ ಸ್ಮಿತ್ ಒಬ್ಬನ ಮೇಲೆ ಉಳಿಯಲಿಲ್ಲ. ಎದುರಾಳಿ ಗಾರ್ಡ್‌ಗಳ ಹಿಂದೆ ಓಡುವುದಕ್ಕೂ ಒಂದು ಜೊತೆ ಕಾಲು ಸಿಕ್ಕಿತು. ಇಷ್ಟಾದ ಮೇಲೆ ಅದನ್ನು ಪರೀಕ್ಷೆ ಮಾಡಬೇಕಲ್ಲ? ಮನೆಯಲ್ಲಿ ಸಣ್ಣ ಕಾಲೇಜಿನ ವಿರುದ್ಧ ಆಡಿದರೆ ಏನೂ ಗೊತ್ತಾಗುವುದಿಲ್ಲ. ಅದಕ್ಕೇ ಅರ್ಕಾನ್ಸಾ. ಮೈಬಲ, ವೇಗ ಇರುವ ಗಾರ್ಡ್‌ಗಳು, ಕಿವಿ ಕಿತ್ತುಹೋಗುವ ಗದ್ದಲ. ಕೊಲಂಬಸ್‌ನಲ್ಲಿ ಎಲ್ಲಿ ನೋವಾಗಿತ್ತೋ ಅಲ್ಲೇ ಬೆರಳಿಟ್ಟು ಒತ್ತಿ ನೋಡಿದರು ಅನ್ನಿ.

ನಾನು ಆ ಜೋನ್ಸ್‌ಗೆ ಕೊಟ್ಟಿದ್ದು ನಾಲ್ಕು ಮಾರ್ಕ್ಸ್! ಹೊಸ ಮನೆಗೆ ಬಂದ ಸೊಸೆ ಮೊದಲ ದಿನವೇ ಒಗ್ಗರಣೆ ಸೀಯಿಸಿದಳು ಅಂತ ಹೇಳಿದ ಹಾಗೆ.

ಆಮೇಲೆ ಏನಾಯಿತು ಅಂತ ನಿಮಗೆಲ್ಲ ಗೊತ್ತು. ನವೆಂಬರ್‌ನಲ್ಲಿ ಹೊನೊಲುಲುವಿನಲ್ಲಿ ಸಾಲಾಗಿ ಗೊನ್ಜಾಗಾ, ಟೆನೆಸೀ, ಮಾರ್ಕೆಟ್ ತಂಡಗಳನ್ನು ಸೋಲಿಸಿದರು. ತ್ರೀ ಬೀಳುವುದು ನೂರಕ್ಕೆ 32ರಿಂದ 40ಕ್ಕೆ ಏರಿತು. ಲೋಯರ್ ಒಬ್ಬನೇ ಸುಮಾರು 33ರಿಂದ 44ಕ್ಕೆ ಹೋದ. ನಾನು ಐದು ಕೊಟ್ಟಿದ್ದ ಹುಡುಗ! ಸ್ಮಿತ್ ಪಂದ್ಯಕ್ಕೆ ಏಳೂವರೆ ಅಸಿಸ್ಟ್, ಅಂದರೆ ನೇರ ಬುಟ್ಟಿಗೆ ದಾರಿ ಮಾಡುವ ಪಾಸ್, ಹಂಚಿದ. 1980ರ ನಂತರ ಮೊದಲ ಬಾರಿ ಪರ್ಡ್ಯೂ ರಾಷ್ಟ್ರೀಯ ಟೂರ್ನಿಯ ಕೊನೆಯ ನಾಲ್ಕಕ್ಕೆ ಬಂತು. ಅಲ್ಲಿಗೆ ಮುಟ್ಟಿಸಿದ ಪಂದ್ಯದಲ್ಲಿ, ಡೆಟ್ರಾಯಿಟ್‌ನಲ್ಲಿ ಟೆನೆಸೀ ವಿರುದ್ಧ, ಎಡಿ 40 ಪಾಯಿಂಟ್ ಹೊಡೆದದ್ದು ಎಲ್ಲರಿಗೂ ನೆನಪಿದೆ. ಆ ಪಂದ್ಯದ ಕೊನೆಯ ನಿಮಿಷಗಳಲ್ಲಿ ಲಾನ್ಸ್ ಜೋನ್ಸ್ ಹಾಕಿದ ತ್ರೀ ನನಗೆ ಜಾಸ್ತಿ ನೆನಪಿದೆ. ಯಾಕೆ ಅಂತ ಬೇರೆ ಹೇಳಬೇಕಾ?

ಅವತ್ತು ನಮ್ಮನ್ನು ಸೋಲಿಸಿದ ಅರ್ಕಾನ್ಸಾ ಆ ಸೀಸನ್ ಮುಗಿಸಿದ್ದು 16 ಗೆಲುವು, 17 ಸೋಲಿನಲ್ಲಿ. ಪರ್ಡ್ಯೂ ಮುಗಿಸಿದ್ದು 34–5ರಲ್ಲಿ.

ಹಾಗಂತ ಅಭ್ಯಾಸ ಪಂದ್ಯದ ಸ್ಕೋರ್ ಸುಮ್ನೆ ಅನ್ನುವ ಹಾಗೂ ಇಲ್ಲ. ಮರುವರ್ಷ, 2024ರ ಅಕ್ಟೋಬರ್ 25ಕ್ಕೆ ಅದೇ ಅರ್ಕಾನ್ಸಾ ಅದೇ ಅರೀನಾದಲ್ಲಿ ಆಗಿನ ನಂಬರ್ ಒನ್ ಕ್ಯಾನ್ಸಸ್ ತಂಡವನ್ನು 85–69ರಲ್ಲಿ ಸೋಲಿಸಿತು. ಐದು ತಿಂಗಳಾದ ಮೇಲೆ ಟೂರ್ನಿಯ ಮೊದಲ ಸುತ್ತಿನಲ್ಲಿ ಅದೇ ಎರಡು ತಂಡ ಎದುರಾದವು. ಅರ್ಕಾನ್ಸಾ 79, ಕ್ಯಾನ್ಸಸ್ 72. ಆ ಸಲ ಶಕುನ ನಿಜವಾಯಿತು. ನಂಬುವುದಾದರೂ ಹೇಗೆ ಇದನ್ನ?

ಎಡಿಯ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗ್ತೀನಿ, ಯಾಕೆಂದರೆ ಇದು ನಮ್ಮ ಮನೆಗಳ ಕಥೆಯೂ ಹೌದು. ಟೊರಾಂಟೊ ಹುಡುಗ ಅವನು. ಮೊದಲು ಐಸ್ ಹಾಕಿ, ಬೇಸ್‌ಬಾಲ್ ಆಡಿಕೊಂಡಿದ್ದು, ಹೈಸ್ಕೂಲಿಗೆ ಬಂದ ಮೇಲೆ ಬಾಸ್ಕೆಟ್‌ಬಾಲ್ ಹಿಡಿದ. ಪರ್ಡ್ಯೂಗೆ ಸೇರುವಾಗ ಆ ವರ್ಷದ ಹುಡುಗರ ಪಟ್ಟಿಯಲ್ಲಿ 400ರ ಆಚೆ ಎಲ್ಲೋ ಇದ್ದ. ಎರಡು ವರ್ಷ ಸತತವಾಗಿ ದೇಶದ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡ. 2021ರಿಂದ ಕಾಲೇಜು ಆಟಗಾರರು ತಮ್ಮ ಹೆಸರಿನ ಮೇಲೆ ಜಾಹೀರಾತು ಮಾಡಿ ದುಡ್ಡು ಸಂಪಾದಿಸಬಹುದು. ಆದರೆ ಇವನು ವಿದ್ಯಾರ್ಥಿ ವೀಸಾದಲ್ಲಿದ್ದ. ಪಕ್ಕದಲ್ಲಿ ಕೂತ ಇಂಡಿಯಾನಾ ಹುಡುಗನಿಗೆ ಸಲೀಸಾಗಿ ಸಿಗುವ ಸಂಪಾದನೆ ಇವನಿಗೆ ಇಲ್ಲಿ ಕೂತು ಮಾಡುವಂತಿರಲಿಲ್ಲ. ನಮ್ಮಲ್ಲಿ ಎಷ್ಟು ಜನ ಎಫ್-1ರಲ್ಲಿದ್ದಾಗ ಕ್ಯಾಂಪಸ್ ಹೊರಗಿನ ಕೆಲಸದ ಬೋರ್ಡ್ ನೋಡಿ ತಲೆ ತಗ್ಗಿಸಿ ನಡೆದಿಲ್ಲ? ದೇಶದ ನಂಬರ್ ಒನ್ ಆಟಗಾರನಿಗೂ ಅದೇ ಕಟ್ಟು. 7 ಅಡಿ 4 ಇಂಚು ಇದ್ದರೂ ವೀಸಾದ ಬಾಗಿಲಲ್ಲಿ ಬಗ್ಗಲೇಬೇಕು.

2024ರ ಏಪ್ರಿಲ್ 8ರ ಟೂರ್ನಿ ಫೈನಲ್‌ನಲ್ಲಿ ಎಡಿ 37 ಹೊಡೆದ. ತಂಡದ ಒಟ್ಟು 60. ಕನೆಕ್ಟಿಕಟ್‌ನವರು ಎಡಿಗೆ ಒಬ್ಬನನ್ನೇ ಬಿಟ್ಟು, ಹೊರಗೆ ನಿಂತ ನಮ್ಮ ಹುಡುಗರನ್ನು ಒಂದು ಕ್ಷಣವೂ ಬಿಡದೆ ಕಾದರು. ಸೀಸನ್ ಪೂರ್ತಿ ತ್ರೀ ಮಳೆ ಸುರಿಸಿದ ತಂಡ ಅವತ್ತು ಎಸೆದದ್ದು ಏಳು, ಬಿದ್ದದ್ದು ಒಂದು. 75–60. ಕೊಲಂಬಸ್‌ನ ಕುಳ್ಳರು ಬಡಿಸುವವರನ್ನು ತಡೆದರು, ಇವರು ಉಳಿದ ಪಂಕ್ತಿಯನ್ನೇ ಏಳಿಸಿದರು.

ಈಗ ಈ ವರ್ಷಕ್ಕೆ, ಅಂದರೆ 2025–26ರ ಸೀಸನ್‌ಗೆ ಬರೋಣ. ನನ್ನ ಹಳೇ ಹಾಳೆಯಲ್ಲಿದ್ದ ಮೂವರು ಇನ್ನೂ ಇದ್ದಾರೆ. ಸ್ಮಿತ್, ಲೋಯರ್, ಕಾಫ್‌ಮನ್-ರೆನ್. ಮೂವರೂ ಇಂಡಿಯಾನಾದವರೇ, ಮೂವರಿಗೂ ಇದು ಕೊನೇ ವರ್ಷ. ಬೇರೆ ಕಾಲೇಜುಗಳಲ್ಲಿ ಹುಡುಗರು ವರ್ಷಕ್ಕೊಂದು ಅಂಗಿ ಬದಲಾಯಿಸುವ ಕಾಲದಲ್ಲಿ ಇವರು ಉಳಿದುಕೊಂಡರು ಅನ್ನುವುದೇ ನನಗೆ ದೊಡ್ಡ ವಿಷಯ. ಸ್ಮಿತ್ ಕಳೆದ ಸೀಸನ್‌ನಲ್ಲಿ ದೇಶದ ಅತ್ಯುತ್ತಮ ಪಾಯಿಂಟ್ ಗಾರ್ಡ್‌ಗೆ ಕೊಡುವ ಬಾಬ್ ಕೂಸಿ ಪ್ರಶಸ್ತಿ ತಗೊಂಡ. ಕಾಫ್‌ಮನ್-ರೆನ್ ಅಂತೂ ಎಡಿ ಇದ್ದಾಗ ಪಂದ್ಯಕ್ಕೆ ಆರು ಪಾಯಿಂಟ್ ಚಿಲ್ಲರೆ ಹೊಡೆಯುತ್ತಿದ್ದವನು, ಎಡಿ ಹೋದ ವರ್ಷವೇ ಇಪ್ಪತ್ತು ದಾಟಿದ. ದೊಡ್ಡ ಮರದ ನೆರಳಲ್ಲಿದ್ದ ಗಿಡಕ್ಕೆ ಬಿಸಿಲು ಬಿತ್ತು. ನನ್ನ ಐದು ಮಾರ್ಕ್ಸ್‌ನಲ್ಲಿ ಆ ನೆರಳು ಲೆಕ್ಕಕ್ಕೇ ಬಂದಿರಲಿಲ್ಲ.

ಹಾಗಾಗಿ ಕೆಂಟಕಿ ಸೋಲಿನಿಂದ ಈ ಮೂವರ ಬಗ್ಗೆ ತಿಳಿದುಕೊಳ್ಳುವುದು ಏನೂ ಇಲ್ಲ. ಅವರ ಲೆಕ್ಕ ನಮಗೆ ಗೊತ್ತಿದೆ. ನೋಡಬೇಕಾದ್ದು ಉಳಿದವರನ್ನು. ಆಸ್ಟ್ರೇಲಿಯಾದ ಆಸ್ಕರ್ ಕ್ಲಫ್ ಸೌತ್ ಡಕೋಟಾ ಸ್ಟೇಟ್‌ನಿಂದ ಬಂದಿದ್ದಾನೆ. ರೀಬೌಂಡ್, ಅಂದರೆ ಬುಟ್ಟಿ ತಪ್ಪಿ ವಾಪಸ್ ಬಂದ ಚೆಂಡು, ಹಿಡಿಯುವುದರಲ್ಲಿ ಗಟ್ಟಿಗ. ಡೇನಿಯಲ್ ಜೇಕಬ್ಸೆನ್ ಎಡಿಯಷ್ಟೇ ಎತ್ತರ, ಆದರೆ ಹೋದ ಸೀಸನ್ ಶುರುವಿನಲ್ಲೇ ಕಾಲು ಮುರಿದುಕೊಂಡು ಉಳಿದ ಸೀಸನ್ ಪೂರ್ತಿ ಕೂತ. ಹೋದ ಸೀಸನ್ ಆಡದ ಹುಡುಗ ಕಾಲೂರಿ ಜಿಗಿಯಲು ಹೆದರುತ್ತಾನಾ ಇಲ್ಲವಾ, ಅದನ್ನು ನೋಡಬೇಕು. ಅವನು ಎಷ್ಟು ಪಾಯಿಂಟ್ ಹೊಡೆದ ಅನ್ನುವುದು ಆಮೇಲಿನ ಮಾತು. ಇಸ್ರೇಲಿನ ಒಮರ್ ಮೇಯರ್ ಬಂದಿರುವುದು ಸ್ಮಿತ್‌ಗೆ ಉಸಿರು ಬಿಡಲು ಅವಕಾಶ ಆಗಲಿ ಅಂತ. ಜೋನ್ಸ್ ಮಾಡಿದ ಕೆಲಸ ಅವನಿಂದ ಆಗುತ್ತಾ? ನನಗಿರುವ ದೊಡ್ಡ ಅನುಮಾನ ಇದೇ.

ಮಗಳು ಈಗ ಶಿಕಾಗೋದಲ್ಲಿದ್ದಾಳೆ. ಪಂದ್ಯ ಮುಗಿದ ಕೂಡಲೇ ಫೋನ್ ಬಂತು. "ಮಾರ್ಕ್ಸ್ ಹಾಕಿದ್ಯಾ?" ಅಂದಳು. ಹಾಕಿಲ್ಲ ಅಂದೆ. "ಸುಳ್ಳು" ಅಂದಳು.

ನಿಜ ಹೇಳಬೇಕೆಂದರೆ ಹಾಳೆ ಪಕ್ಕದಲ್ಲೇ ಇತ್ತು. ಈ ಸಲ ಅಂಕಿ ಬರೆದಿಲ್ಲ. ಕ್ಲಫ್ ಮತ್ತು ಕಾಫ್‌ಮನ್-ರೆನ್ ಹೆಸರು ಸೇರಿಸಿ ಒಂದು ಗೆರೆ. ಸ್ಮಿತ್‌ನಿಂದ ಮೇಯರ್‌ಗೆ ಒಂದು ಗೆರೆ. ಜೇಕಬ್ಸೆನ್ ಪಕ್ಕದಲ್ಲಿ "ಜನವರಿಗೆ ನೋಡೋಣ" ಅಂತಿದೆ. ಹಾಳೆ ತಿರುಗಿಸಿದರೆ ಈ ವರ್ಷದ ಅಡುಗೆ ಪಟ್ಟಿ. ಪುಳಿಯೋಗರೆಗೆ ಜನ ಸಿಕ್ಕಿದ್ದಾರೆ. ಮೊಸರನ್ನದ ಎದುರು ಈ ಸಲವೂ "ಯಾರು?" ಅಂತಲೇ ಇದೆ. ಎರಡು ಟ್ರೇ ಬೇಕು, ಒಗ್ಗರಣೆ ಅಲ್ಲೇ ಹಾಕಿಕೊಳ್ಳಬಹುದು. ಮಾಡುವವರು ದಯವಿಟ್ಟು ಬುಧವಾರದೊಳಗೆ ನನಗೊಂದು ಫೋನ್ ಮಾಡಿ.