ಮತ್ತೆ ಅದೇ ಗ್ರಾಫಿನ ಮಾತು

ಡೊಂಬಿವಲಿ, ಭಾನುವಾರ

ಪುಟ್ಟಿ,

ನಿನ್ನೆ ನೀನು ಫೋನ್ ಇಟ್ಟುಬಿಟ್ಟದ್ದಕ್ಕೆ ನನ್ನ ಬಾಯೇ ಕಾರಣ. ಪುಣೆಯ ಪಾಷಾಣ್‌ನ ಆ ಸಣ್ಣ ರೂಮಿನಲ್ಲಿ ಕೂತು ಯುರೋಪಿನ ಮಾರೀ ಕ್ಯೂರಿ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನೆಯ) ಫೆಲೋಶಿಪ್ ಅರ್ಜಿಯ ಹತ್ತು ಪುಟ ಬರೆದವಳಿಗೆ ಮೊದಲು ಶಹಬ್ಬಾಸ್ ಅನ್ನಬೇಕಿತ್ತು. ನಾನು ನೇರ ಅದರೊಳಗಿನ ಗ್ರಾಫಿಗೆ ಕೈಹಾಕಿದೆ, ಕೋರ್‌ಗಳು (ಲೆಕ್ಕ ಮಾಡುವ ಪ್ರೊಸೆಸರ್ ಘಟಕಗಳು) ಹೆಚ್ಚಿದಂತೆ ನಿನ್ನ ಕೋಡ್ ಎಷ್ಟು ಪಟ್ಟು ವೇಗವಾಗುತ್ತದೆ ಎಂದು ತೋರಿಸುವ ಗ್ರಾಫಿಗೆ. ತಪ್ಪಾಯಿತು. ಗ್ರಾಫಿನ ಬಗ್ಗೆ ಹೇಳಿದ್ದನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಾರೆ.

64 ಕೋರ್‌ಗಳ ವೇಗವನ್ನು 1 ಎಂದು ಹಿಡಿದು, 1024ಕ್ಕೆ 14 ಪಟ್ಟು ತೋರಿಸಿದ್ದೀಯ. ಆದರ್ಶ 16, ಸರಿ. ಆದರೆ ಒಂದೇ ಕೋರಿನಲ್ಲಿ ಎಷ್ಟು ಸೆಕೆಂಡು? ಲೆಕ್ಕದ ಮ್ಯಾಟ್ರಿಕ್ಸ್ (ಸಂಖ್ಯೆಗಳ ಪಟ್ಟಿ) ಒಂದು ನೋಡಿನ, ಅಂದರೆ ಕ್ಲಸ್ಟರಿನ ಒಂದು ಕಂಪ್ಯೂಟರಿನ, ಮೆಮೊರಿಯಲ್ಲಿ ಹಿಡಿಸದಿದ್ದರೆ 64ರಿಂದ ಶುರುಮಾಡುವುದು ನ್ಯಾಯವೇ, ಅದನ್ನು ಚಿತ್ರದ ಕೆಳಗೇ ಬರೆ. ಹಿಡಿಸುವುದಾದರೆ ಓದುವವರಿಗೆ ಅನುಮಾನ ಬಂದೇ ಬರುತ್ತದೆ. ಕೋಡ್ ನಿಧಾನವಾದಷ್ಟೂ ಈ ಗ್ರಾಫ್ ಚೆಂದ ಕಾಣುತ್ತದೆಯಲ್ಲ: ಲೆಕ್ಕಕ್ಕೇ ಹೊತ್ತು ಹಿಡಿದರೆ ಕೋರ್‌ಗಳ ನಡುವಿನ ಮಾತುಕತೆಯ ಖರ್ಚು ಕಣ್ಣಿಗೇ ಬೀಳುವುದಿಲ್ಲ. ಪಟ್ಟುಗಳ ಪಕ್ಕದಲ್ಲಿ ಸೆಕೆಂಡುಗಳನ್ನೂ ಕೊಡು. ಐದು ಸಲ ಓಡಿಸಿ ಮಧ್ಯದ್ದನ್ನು ತಗೋ, ಹಂಚಿಕೊಂಡ ಮಷೀನಿನಲ್ಲಿ ಬೇರೆಯವರ ಜಾಬ್‌ಗಳೂ ನೆಟ್‌ವರ್ಕ್ ತಿನ್ನುತ್ತವೆ.

ನನ್ನ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಲೆಕ್ಕದ ಪ್ರದೇಶವನ್ನು ಕೋರ್‌ಗಳಿಗೆ ಹಂಚಲು ಹೆಚ್ಚು ತುಂಡು ಮಾಡಿದಷ್ಟೂ ಪ್ರತಿ ಕೋರಿಗೆ ತನ್ನ ತುಂಡಷ್ಟೇ ಗೊತ್ತಿರುತ್ತದೆ, ದೂರದ ಸುದ್ದಿ ಮುಟ್ಟುವುದು ತಡ, ಇಟರೇಶನ್ (ಉತ್ತರವನ್ನು ತಿದ್ದುತ್ತಾ ಹೋಗುವ ಸುತ್ತು) ಏರುತ್ತಾ ಹೋಗುತ್ತದೆ. ನೀನು ಇಡೀ ಪ್ರದೇಶಕ್ಕೆ ಮೇಲೊಂದು ಒರಟು ಜಾಲರಿ (ಕೆಲವೇ ಬಿಂದುಗಳ ಸಣ್ಣ ಲೆಕ್ಕ) ಇಟ್ಟು ಅದನ್ನು ತಡೆದೆ. 64ಕ್ಕೆ 31 ಇಟರೇಶನ್, 1024ಕ್ಕೆ 34. ಇದಲ್ಲವೇನೇ ನಿನ್ನ ಕೆಲಸ! ಅದನ್ನು ಅಡಿಟಿಪ್ಪಣಿಗೆ ತಳ್ಳಿ, ಯಾರು ಬೇಕಾದರೂ ಬಿಡಿಸುವ ಗೆರೆಯನ್ನು ಮೇಲಿಟ್ಟಿದ್ದೀಯ. ಒಟ್ಟು ಸಮಯವನ್ನು ಎರಡಾಗಿ ಒಡೆ: ಎಷ್ಟು ಇಟರೇಶನ್, ಒಂದೊಂದಕ್ಕೆ ಎಷ್ಟು ಸೆಕೆಂಡು. ಮೊದಲನೆಯದು ಸಮತಟ್ಟಾಗಿದ್ದರೆ ಅಲ್ಗಾರಿದಮ್ ಗೆದ್ದಿದೆ, ಉಳಿದ ನಷ್ಟ ಮಷೀನಿನದು.

ಮತ್ತೆ, ಆ ಒರಟು ಜಾಲರಿಯ ಲೆಕ್ಕವನ್ನು ಒಂದೇ ಕೋರ್ ಬಿಡಿಸುತ್ತಿದೆ ತಾನೆ? ತುಂಡುಗಳ ಜೊತೆ ಅದೂ ಬೆಳೆಯುತ್ತದೆ. ಕೆಲಸದಲ್ಲಿ ನೂರಕ್ಕೆ ಒಂದು ಪಾಲು ಹೀಗೆ ಸರದಿಯಲ್ಲೇ ನಡೆದರೂ ಆಮ್ಡಾಲ್ ನಿಯಮದ ಲೆಕ್ಕದಲ್ಲಿ, ಕೋರ್ ಎಷ್ಟೇ ಹೆಚ್ಚಿದರೂ ವೇಗ ಒಂದು ಕೋರಿನ 100 ಪಟ್ಟು ದಾಟದು. 8192 ಕೋರ್‌ಗೆ ಏನಾಗುತ್ತದೆ ಎಂದು ಯಾರಾದರೂ ಕೇಳುತ್ತಾರೆ. ಅವರಿಗಿಂತ ಮೊದಲು ನೀನೇ ಬರೆದುಬಿಡು, ಮುಂದಿನ ಎರಡು ವರ್ಷದ ಯೋಜನೆ ಅದೇ ಆಗುತ್ತದೆ. 34 ಒಮ್ಮೊಮ್ಮೆ 35 ಆದರೆ ಗಾಬರಿಯಾಗಬೇಡ. ಕೋರ್ ಎಣಿಕೆ ಬದಲಾದರೆ ಸಂಖ್ಯೆಗಳನ್ನು ಕೂಡುವ ಕ್ರಮವೂ ಬದಲು, ಡಬಲ್‌ನ (ಕಂಪ್ಯೂಟರ್ ದಶಮಾಂಶ ಸಂಖ್ಯೆ ಇಡುವ ರೀತಿಯ) ಹದಿನಾರನೇ ಅಂಕಿಯ ಹತ್ತಿರ ಅಲುಗಾಟ ಸಹಜ.

ಉಪದೇಶ ಬೇಡ ಅಂತಲೇ ಕೂತದ್ದು, ಆದರೂ. ಅರ್ಜಿಗೆ ಕೊಡುವ ನೂರರಲ್ಲಿ 50 ಅಂಕ ಸಂಶೋಧನೆಯ ಗುಣಮಟ್ಟಕ್ಕೇ ಇದೆ, 30 ಪರಿಣಾಮಕ್ಕೆ, 20 ಜಾರಿಗೆ. ಅರ್ಜಿಯ ಕೊನೆಯ ದಿನದಿಂದ ಹಿಂದಿನ 36 ತಿಂಗಳಲ್ಲಿ ಹೋಗಬೇಕಾದ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು. ನಿನಗದು ತೊಂದರೆಯಿಲ್ಲ, ಪಾಸ್‌ಪೋರ್ಟಿನ ತಾರೀಖು ಒಮ್ಮೆ ನೋಡಿಕೋ. ಅಲ್ಲಿನ ಪ್ರೊಫೆಸರನ್ನು ಮುಜುಗರವಿಲ್ಲದೆ ಕೇಳು: ವರ್ಷಕ್ಕೆ ಎಷ್ಟು ಕೋರ್-ಗಂಟೆ ಸಿಗುತ್ತದೆ, ಅವರ ಹಳೇ ಕೋಡಿನ ರಿಪೇರಿಗೆ ನಿನ್ನ ವಾರದ ಎಷ್ಟು ದಿನ ಹೋಗುತ್ತದೆ. ಎರಡನೆಯದಕ್ಕೆ ನುಣುಚಿದರೆ ಹುಷಾರು.

ಶನಿವಾರ ಬಾ. ಕಲ್ಯಾಣದಲ್ಲಿ ಇಳಿದು ಲೋಕಲ್ ಹಿಡಿ. ಒಂದು ಕೋರಿನ ಜಾಬ್ ಮಾತ್ರ ಇವತ್ತೇ ಕ್ಯೂಗೆ ಹಾಕು, ಅದು ಮುಗಿಯಲು ಎಷ್ಟು ದಿನವೋ.

ಅಮ್ಮ