ರೈಡರ್ ತಂದ ಅಂಕವಷ್ಟೇ ಸುದ್ದಿಯೇ?

ಮಾನ್ಯ ಸಂಪಾದಕರೇ,

ಅಂತರಕಾಲೇಜು ಕಬಡ್ಡಿ ಮುಗಿದ ಮರುದಿನ ಜಿಲ್ಲಾ ಪುಟಗಳಲ್ಲಿ ಬರುವ ವರದಿಯ ಧಾಟಿ ಹೆಚ್ಚುಕಮ್ಮಿ ಒಂದೇ: ಇಂಥ ಕಾಲೇಜಿನ ರೈಡರ್ (ಎದುರಾಳಿಯ ಅಂಕಣಕ್ಕೆ ನುಗ್ಗಿ ಅಂಕ ತರುವವ) ಇಷ್ಟು ಅಂಕ ಬಾಚಿದ, ಪ್ರೊ ಕಬಡ್ಡಿಯ ಕದ ತಟ್ಟುತ್ತಿದ್ದಾನೆ. ನಮ್ಮ ಭಾಗದ ಹುಡುಗರ ಹೆಸರು ಪತ್ರಿಕೆಯಲ್ಲಿ ಬಂದರೆ ಯಾರಿಗೆ ಬೇಡ? ಆದರೆ ರಾಯಚೂರು, ಕೊಪ್ಪಳ, ಬಳ್ಳಾರಿಯ ಮಣ್ಣಿನ ಅಂಕಣದಲ್ಲಿ ಮಿಂಚುವ ರೈಡರ್, ಮ್ಯಾಟ್ ಮೇಲೆ ನಡೆಯುವ ಆಯ್ಕೆಯಲ್ಲಿ ಯಾಕೆ ಮಂಕಾಗುತ್ತಾನೆ ಎಂಬುದು ಆ ಅಂಕದಿಂದ ತಿಳಿಯುವುದಿಲ್ಲ.

ಒಬ್ಬ 20 ರೈಡ್ ಮಾಡಿ 12 ಅಂಕ ತಂದ, ಆರು ಸಲ ಸಿಕ್ಕಿಬಿದ್ದ ಎನ್ನಿ. ಇನ್ನೊಬ್ಬ 14 ರೈಡ್‌ಗೆ 9 ಅಂಕ ತಂದು ಒಂದೇ ಸಲ ಸಿಕ್ಕಿಬಿದ್ದ. ವರದಿಯಲ್ಲಿ ಮೊದಲಿನವನೇ ಹೀರೊ. ಆಟ ಬಲ್ಲ ಕೋಚ್ ಕರೆದೊಯ್ಯುವುದು ಎರಡನೆಯವನನ್ನು. ಮೊದಲಿನವನು ಎದುರಾಳಿಗೆ ಆರು ಅಂಕ ಕೊಟ್ಟಿದ್ದಲ್ಲದೆ, ಆರು ಸಲವೂ ಹೊರಗೆ ಕೂತು ತನ್ನವರು ಅಂಕ ಗಳಿಸಿ ಒಳಗೆ ಕರೆಯಲಿ ಎಂದು ಕಾದಿರುತ್ತಾನೆ. ಆ 12ರಲ್ಲಿ ಟಚ್ (ಎದುರಾಳಿಯನ್ನು ಮುಟ್ಟಿ ತಂದದ್ದು) ಎಷ್ಟು, ಬೋನಸ್ (ಬೋನಸ್ ಗೆರೆ ದಾಟಿ ತಂದದ್ದು) ಎಷ್ಟು ಎಂಬುದೂ ನೋಡಬೇಕು. ಬೋನಸ್‌ನಿಂದ ಅಂಕ ಏರುತ್ತದೆ, ಔಟಾದ ಜೊತೆಗಾರ ಒಳಬರುವುದಿಲ್ಲ.

ಬೋನಸ್ ಕೂಡ ಸುಲಭದ ತುತ್ತಲ್ಲ. ಎದುರಿಗೆ ಕನಿಷ್ಠ ಆರು ಮಂದಿ ಇರಬೇಕು. ಒಂದು ಕಾಲು ಗೆರೆ ದಾಟಿ ಊರಿದಾಗ ಹಿಂದಿನ ಕಾಲು ಗಾಳಿಯಲ್ಲಿರಬೇಕು. ನಮ್ಮ ಹುಡುಗರು ಎಡವುವುದು ಈ ಹಿಂದಿನ ಕಾಲಿನಲ್ಲೇ, ಹೆಬ್ಬೆರಳು ನೆಲ ಸವರುತ್ತಿರುತ್ತದೆ. ಸುಣ್ಣದ ಗೆರೆ ಮೊದಲ ಹತ್ತು ನಿಮಿಷದಲ್ಲೇ ಅಳಿಸಿಹೋಗುವ ಮೈದಾನದಲ್ಲಿ ಅಂಪೈರ್ ಅಂದಾಜಿನ ಮೇಲೆ ಕೈ ಎತ್ತಿಬಿಡುತ್ತಾರೆ. ಮ್ಯಾಟ್ ಮೇಲೆ ಆ ಅಂದಾಜು ನಡೆಯುವುದಿಲ್ಲ.

ಇನ್ನು ಡಿಫೆನ್ಸ್. ಜಾತ್ರೆಯ ಹೊನಲು ಬೆಳಕಿನ ಪಂದ್ಯಗಳಲ್ಲಿ ಹಿಡಿಯುವವರು ಹೆಚ್ಚಾಗಿ ಒಬ್ಬೊಬ್ಬರೇ ಮೇಲೆ ಬೀಳುತ್ತಾರೆ. ವೇಗವಿದ್ದ ರೈಡರ್ ತಪ್ಪಿಸಿಕೊಂಡು ಬರುತ್ತಾನೆ, ಸಿಳ್ಳೆ ಬೀಳುತ್ತವೆ. ಪಳಗಿದ ತಂಡದಲ್ಲಿ ಹಾಗಲ್ಲ. ಮೂಲೆ ಕಾಯುವ ಕಾರ್ನರ್ ಮತ್ತು ಅವನ ಪಕ್ಕದ ಆಟಗಾರ 'ಇನ್' ಕೈ ಹಿಡಿದು ಚೈನ್ ಆಗಿ ನಿಲ್ಲುತ್ತಾರೆ, ಎರಡೂ ಬದಿ. ರೈಡರ್ ಒಂದು ಕಾರ್ನರ್‌ನ ಕಡೆ ಬಾಗಿದ ಕ್ಷಣವೇ ಆಚೆಬದಿಯ ಚೈನ್ ಮುಂದೆ ಸರಿದು ಅವನಿಗೂ ಮಧ್ಯರೇಖೆಗೂ ನಡುವಿನ ದಾರಿ ಮುಚ್ಚುತ್ತದೆ. ರೈಡರ್‌ನ ಕಣ್ಣು ಎದುರಿನ ಕಾರ್ನರ್ ಮೇಲೆ, ಅವನನ್ನು ಕೆಡವುವುದು 'ಇನ್'ನ ಆಚೆ ನಿಲ್ಲುವ ಕವರ್ ಪಕ್ಕದಿಂದ ನುಗ್ಗಿ ಅಡ್ಡಗಟ್ಟುವ ಬ್ಲಾಕ್. ಅಂಕಣದ ಅಂಚಿನಲ್ಲಿದ್ದರೆ ಡ್ಯಾಶ್ ಕೊಟ್ಟು (ಮೈಯಿಂದ ಗುದ್ದಿ) ಬದಿಯ ಪಟ್ಟಿಯಾದ ಲಾಬಿಯಾಚೆಗೇ ತಳ್ಳುತ್ತಾರೆ. ಯಾರನ್ನೂ ಮುಟ್ಟದೆ ಲಾಬಿಗೆ ಕಾಲಿಟ್ಟರೆ ತಾನಾಗಿಯೇ ಔಟು. ಒಂದೇ ಬದಿಗೆ ಆಡುವ ರೈಡರ್‌ನನ್ನು ಇಂಥ ತಂಡ ಎರಡು ರೈಡ್‌ನಲ್ಲಿ ಓದಿಬಿಡುತ್ತದೆ.

ದೂರದ ಲೆಕ್ಕ ಇಲ್ಲಿ ಬಹಳ ಮುಖ್ಯ. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಮಧ್ಯರೇಖೆಯಿಂದ ರೈಡರ್ ದಾಟಬೇಕಾದ ಬಾಲ್ಕ್ ಗೆರೆ 3.75 ಮೀಟರ್, ಅಲ್ಲಿಂದ ಬೋನಸ್ ಗೆರೆ ಇನ್ನೊಂದು ಮೀಟರ್. ನಿಂತು ಕೈ ಎತ್ತಿದರೆ ಏಳು ಅಡಿ ಮುಟ್ಟುವ ಹುಡುಗ ಬೋರಲು ಬಿದ್ದು ಕೈ ಚಾಚಿದರೂ ಅಷ್ಟೇ, 2.1 ಮೀಟರ್ ಚಿಲ್ಲರೆ. ಬಾಲ್ಕ್ ಗೆರೆಯ ಮೇಲೆ ಅವನ ಹರಡು (ಪಾದದ ಗಂಟು) ಎದುರಾಳಿಗೆ ಸಿಕ್ಕರೆ, ಕೈ ಚಾಚಿದರೂ ಮಧ್ಯರೇಖೆ ಇನ್ನೂ ಐದಡಿ ದೂರ. ಮಧ್ಯರೇಖೆಯಿಂದ ಎರಡು ಮೀಟರ್ ಒಳಗೆ ಸಿಕ್ಕರೆ ಬಿದ್ದೇ ಮುಟ್ಟಬಹುದು. ಆದ್ದರಿಂದ ಅಭ್ಯಾಸದಲ್ಲಿ 2, 2.5, 3 ಮೀಟರ್‌ಗೆ ಗುರುತು ಹಾಕಿ, ಪ್ರತಿ ಗುರುತಿನಲ್ಲೂ ಒಬ್ಬನಿಗೆ ಹರಡು ಹಿಡಿಯಲು ಹೇಳಿ ಎಳೆದುಕೊಂಡು ಬರುವುದನ್ನು ಕಲಿಸಬೇಕು. ಇದಕ್ಕೂ ಮುನ್ನ ಇಬ್ಬಿಬ್ಬರ ಎರಡು ಚೈನ್ ಎದುರು, ಯಾರನ್ನೂ ಮುಟ್ಟದೆ, 30 ಸೆಕೆಂಡ್ ಪೂರ್ತಿ ಬರೀ ಕಾಲಿನ ಆಟ ಆಡಿಸಬೇಕು. ಹಿಮ್ಮಡಿ ಊರಿ ನಿಂತವನ ಹರಡು ಸಲೀಸಾಗಿ ಸಿಗುತ್ತದೆ. ಮುಂಗಾಲ ಮೇಲಿರುವವನು ಕಾಲು ಕಿತ್ತುಕೊಳ್ಳುತ್ತಾನೆ. ಟಚ್ ಆಯಿತೆಂದು ಅಲ್ಲೇ ನಿಂತು ಅಂಪೈರ್ ಕಡೆ ಬೆರಳು ತೋರಿಸುವ ಚಟವನ್ನಂತೂ ಮೊದಲ ವರ್ಷವೇ ಬಿಡಿಸಬೇಕು.

ಚೈನ್‌ಗೆ ಮದ್ದಿಲ್ಲವೆಂದಲ್ಲ. ಹಿಡಿದ ಕೈಗಳ ಕೆಳಗೆ ನುಸುಳಿ ಬರುವ 'ಡುಬ್ಕಿ'ಯಿಂದಲೇ ಪ್ರೊ ಕಬಡ್ಡಿ ರೈಡರ್ ಪ್ರದೀಪ್ ನರ್ವಾಲ್ ಮನೆಮಾತಾದರು. ಆದರೆ ಮೊಬೈಲ್‌ನಲ್ಲಿ ಡುಬ್ಕಿ ನೋಡಿ ಗಟ್ಟಿ ನೆಲದಲ್ಲಿ ಹಾಕಲು ಹೋದರೆ ಮೊದಲು ಹೋಗುವುದು ಭುಜ.

ಮಣ್ಣಿನಿಂದ ಮ್ಯಾಟ್‌ಗೆ ಬಂದವರ ಮೊಣಕಾಲು ಕೈಕೊಡುವುದಕ್ಕೂ ಕಾರಣವಿದೆ. ಮಣ್ಣಿನಲ್ಲಿ ಬರಿಗಾಲು ಜಾರುತ್ತದೆ, ಆ ಜಾರುವಿಕೆಯಲ್ಲೇ ಮೈ ತಿರುಗುತ್ತದೆ. ಮ್ಯಾಟ್ ಮೇಲೆ ಶೂ ಕಚ್ಚಿ ಹಿಡಿಯುತ್ತದೆ; ಮೈ ತಿರುಗಿದರೂ ಪಾದ ತಿರುಗದೆ ತಿರುಚು ಮೊಣಕಾಲಿಗೆ ಬೀಳುತ್ತದೆ. ಸಣ್ಣ ಸಣ್ಣ ಹೆಜ್ಜೆಯಲ್ಲಿ ತಿರುಗುವುದನ್ನು ರೂಢಿಸಲು ವಾರಗಳೇ ಬೇಕು. ಟೂರ್ನಿಯ ಹಿಂದಿನ ದಿನ ಶೂ ಕೊಡಿಸಿದರೆ ಆಗದು.

ಹೀಗಾಗಿ ಬೇಕಿರುವುದು ತಾಲ್ಲೂಕಿಗೊಂದು ಮ್ಯಾಟ್ ಅಂಕಣ. ಒಂದು ಮೀಟರ್ ಚದರದ ತುಂಡುಗಳಾದರೆ ಅಂಕಣಕ್ಕೆ 130, ಸುತ್ತ ಒಂದು ಸಾಲು ಬಿಡಲು ಇನ್ನು 50. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಮನಸ್ಸು ಮಾಡಿದರೆ ಇದು ಹೊರೆಯೇನಲ್ಲ. ಹಾಸುವುದು ಮಾತ್ರ ಸೂರಿನಡಿಯೇ ಆಗಬೇಕು. ರಾಯಚೂರಿನ ಬಿಸಿಲಿಗೆ ಬಿಟ್ಟರೆ ಅಂಚು ಮೇಲೆದ್ದು ತುಂಡುಗಳನ್ನು ಜೋಡಿಸುವ ಹಲ್ಲು ಕೂಡುವುದಿಲ್ಲ; ಮೇಲೆದ್ದ ಅಂಚಿಗೆ ಕಾಲು ತಗುಲಿದರೆ ಕತೆ ಮುಗಿಯಿತು. ಯರಿ ಮಣ್ಣಿನ ದೂಳು ಕೂತರೆ ಜಾರುತ್ತದೆ, ಆಟಕ್ಕೆ ಮುನ್ನ ಹಸಿ ಬಟ್ಟೆಯಲ್ಲಿ ಒರೆಸಬೇಕು.

ವೃತ್ತಿಯ ವಿಚಾರದಲ್ಲೂ ಹುಡುಗರಿಗೆ ನಿಜ ಹೇಳೋಣ. 2023ರ ಪ್ರೊ ಕಬಡ್ಡಿ ಹರಾಜಿನಲ್ಲಿ ರೈಡರ್ ಪವನ್ ಸೆಹ್ರಾವತ್ 2.605 ಕೋಟಿ ರೂಪಾಯಿಗೆ ಹೋದದ್ದು ಎಲ್ಲರ ಬಾಯಲ್ಲಿದೆ. ಇತ್ತೀಚಿನ ಹರಾಜುಗಳಲ್ಲಿ ಕೊನೆಯ 'ಡಿ' ವರ್ಗದ ಮೂಲ ಬೆಲೆ 9 ಲಕ್ಷ, ಲೀಗ್‌ನಲ್ಲಿರುವುದು 12 ತಂಡ, ತೂಕ 85 ಕೆ.ಜಿ. ಮೀರುವಂತಿಲ್ಲ ಎಂಬುದನ್ನು ಯಾರೂ ಹೇಳುವುದಿಲ್ಲ. ಅಲ್ಲಿ ತಂಡದ ಸತತ ಎರಡು ರೈಡ್ ಖಾಲಿ ಹೋದರೆ ಮೂರನೆಯದು 'ಡೂ ಆರ್ ಡೈ': ಅಂಕ ತರಬೇಕು, ಇಲ್ಲವೇ ರೈಡರ್ ಔಟ್. ಈ ನಿಯಮ ಪಾಲಿಸದ ಪಂದ್ಯಾವಳಿಗಳಲ್ಲೇ ಬೆಳೆದವನು ಅಲ್ಲಿ ಕಂಗಾಲಾಗುತ್ತಾನೆ. ಕರಾವಳಿಯ ಸುಕೇಶ್ ಹೆಗ್ಡೆ, ಪ್ರಶಾಂತ್ ರೈ ಲೀಗ್‌ನಲ್ಲಿ ವರ್ಷಗಟ್ಟಲೆ ಆಡಿದರು. ನಮ್ಮದೇ ರಾಜ್ಯದ ಬಿ.ಸಿ. ರಮೇಶ್ ತರಬೇತಿಯಲ್ಲಿ ಬೆಂಗಾಲ್ ವಾರಿಯರ್ಸ್ ಮತ್ತು ಪುಣೇರಿ ಪಲ್ಟನ್ ಪ್ರಶಸ್ತಿ ಗೆದ್ದವು. ದಾರಿ ಇದೆ, ಇಕ್ಕಟ್ಟಾಗಿದೆ. ಹೆಚ್ಚಿನವರಿಗೆ ಕೈಗೆಟಕುವುದು ರೈಲ್ವೆ, ಪೊಲೀಸ್, ಸೇನೆಯ ಕ್ರೀಡಾ ಕೋಟಾ. ಅದಕ್ಕೆ ಜಾತ್ರೆಯ ಶೀಲ್ಡ್ ಲೆಕ್ಕಕ್ಕಿಲ್ಲ, ರಾಜ್ಯ ಅಥವಾ ವಿಶ್ವವಿದ್ಯಾಲಯ ತಂಡದಂಥ ಪ್ರಮಾಣಪತ್ರ ಬೇಕು. ಪದವಿ ಅರ್ಧಕ್ಕೆ ಬಿಟ್ಟು ಟೂರ್ನಿ ಸುತ್ತುವವನಿಗೆ ವಿಶ್ವವಿದ್ಯಾಲಯದ್ದು ಸಿಗುವುದಿಲ್ಲ.

ತಮ್ಮ ವರದಿಗಾರರಲ್ಲಿ ವಿನಂತಿ: ಅಂಕದ ಪಕ್ಕದಲ್ಲಿ ಒಟ್ಟು ರೈಡ್, ಖಾಲಿ ರೈಡ್, ಟಚ್, ಬೋನಸ್, ಸಿಕ್ಕಿಬಿದ್ದದ್ದು ಎಷ್ಟು ಎಂಬ ಐದು ಸಂಖ್ಯೆ ಹಾಕಿ. ಸ್ಕೋರರ್ ಬಳಿ ಕೇಳಿದರೆ ಎರಡು ನಿಮಿಷದ ಕೆಲಸ. ಹಾಗೆಯೇ ಐದು ಸಲ ಹರಡು ಹಿಡಿದ ಕಾರ್ನರ್‌ನ ಹೆಸರನ್ನೂ ಒಮ್ಮೆ ಹಾಕಿ.

– ಕಬಡ್ಡಿ ತರಬೇತಿಯಲ್ಲಿ ತೊಡಗಿರುವ ಓದುಗರು,
ಸಿಂಧನೂರು, ರಾಯಚೂರು ಜಿಲ್ಲೆ